ತವರಿನ ಬಾಗಿಲು: ನೆಲೆ ತಪ್ಪಿದ ತಾಯಂದಿರ ಚರಿತ್ರೆ

ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಗಳು ಕಂಕುಳಲ್ಲಿ ಮಗುವನ್ನೆತ್ತಿಕೊಂಡು, ಕೈಯಲ್ಲಿ ಬಟ್ಟೆಯ ಗಂಟು ಹಿಡಿದು ತವರಿನ ಬಸ್‌ಸ್ಟಾಪಿನಲ್ಲಿ ಇಳಿದರೆ, ಮರಳವಾಡಿಯ ಕಡೆ ಎದುರಾದವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ‘ಯಾವಾಗ ಬಂದ್ಯವ್ವ?’ ಎಂಬುದು ಮೊದಲನೆಯದು. ‘ಎಷ್ಟು ದಿವ್ಸ ಇರ್ತೀಯೆ?’ ಎಂಬುದು ಎರಡನೆಯದು. ಎರಡೂ ಅಕ್ಕರೆಯ ಮಾತುಗಳೇ. ಆದರೆ ಎರಡನೆಯದರೊಳಗೆ ನಮ್ಮ ಸಮಾಜದ ಹಳೆಯ ಕಟ್ಟಳೆಯೊಂದು ಅಡಗಿದೆ. ತವರಿಗೆ ಬಂದ ಮಗಳು ನೆಂಟಳು; ನೆಂಟತನಕ್ಕೆ ಒಂದು ಅವಧಿ ಇರಬೇಕು ಎಂಬುದೇ ಆ ಕಟ್ಟಳೆ. ಈ ಪ್ರಶ್ನೆಗೆ ಉತ್ತರ ಹೇಳಲಾಗದ ತಾಯಂದಿರು, ಅಂದರೆ ಗಂಡ ಸತ್ತವರು, ಗಂಡ ಬಿಟ್ಟವರು, ಹೊಡೆತ ತಾಳಲಾರದೆ ಮಗುವನ್ನೆತ್ತಿಕೊಂಡು ಹೊರಬಂದವರು, ನಮ್ಮ ನಾಡಿನಲ್ಲಿ ಎಲ್ಲಿ ನೆಲೆ ಕಂಡರು? ಆ ನೆಲೆ ಎಷ್ಟರಮಟ್ಟಿಗೆ ಅವರದಾಗಿತ್ತು? ಈ ಲೇಖನದಲ್ಲಿ ನಾವು ವಿಚಾರ ಮಾಡಹೊರಟಿರುವುದು ಇದನ್ನೇ.

ಬಾಣಂತನವೆಂಬ ವ್ಯವಸ್ಥೆ

ಮರಳವಾಡಿ ಬಹುಕಾಲ ಕನಕಪುರ ತಾಲೂಕಿನ ಒಂದು ಹೋಬಳಿಯಾಗಿತ್ತು. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆ ರಚನೆಯಾದಾಗ ಆ ಜಿಲ್ಲೆಗೆ ಸೇರಿತು. ಹಾರೋಹಳ್ಳಿ ತಾಲೂಕಾದ ಮೇಲೆ ಅದರ ಭಾಗವಾಯಿತು. ರಾಗಿ ಮತ್ತು ಹಿಪ್ಪುನೇರಳೆ ಈ ಸೀಮೆಯ ಬದುಕಿನ ಎರಡು ಆಧಾರಗಳು. 18ನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನ ಆಸಕ್ತಿಯಿಂದ ಮೈಸೂರು ಸೀಮೆಯಲ್ಲಿ ನೆಲೆಯೂರಿದ ರೇಷ್ಮೆ ಕೃಷಿ ಕನಕಪುರ, ರಾಮನಗರ, ಚನ್ನಪಟ್ಟಣ, ಮಾಗಡಿಗಳ ಹಳ್ಳಿಹಳ್ಳಿಗೂ ಹಬ್ಬಿತು. ರಾಮನಗರದ ಗೂಡಿನ ಮಾರುಕಟ್ಟೆಯ ಹೆಸರು ಇಂದಿಗೂ ದೇಶದಲ್ಲೆಲ್ಲ ಕೇಳಿಬರುತ್ತದೆ.

ಇಂತಹ ಒಕ್ಕಲು ಮನೆಗಳಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ಪದ್ಧತಿ. ಏಳನೆಯ ಅಥವಾ ಒಂಬತ್ತನೆಯ ತಿಂಗಳಲ್ಲಿ ಮಡಿಲು ತುಂಬಿಸಿ ಕರೆತರುತ್ತಾರೆ. ಹೆರಿಗೆಯಾದ ಮೇಲೆ ಮೂರು ತಿಂಗಳೋ ಐದು ತಿಂಗಳೋ ಬಾಣಂತನ ನಡೆಯುತ್ತದೆ. ಎಣ್ಣೆನೀರು, ಸಾಂಬ್ರಾಣಿ ಹೊಗೆ, ಬೆಳ್ಳುಳ್ಳಿ ಮೆಣಸಿನ ಸಾರು, ಗಾಳಿ ತಾಗದ ಒಂದು ಮೂಲೆ, ರಾತ್ರಿ ಮಗು ಅತ್ತರೆ ಎತ್ತಿಕೊಳ್ಳಲು ಇನ್ನೊಂದು ಕೈ, ಇಷ್ಟೂ ಅಲ್ಲಿ ದೊರೆಯುತ್ತವೆ. ಸರ್ಕಾರದ ಯಾವ ಆದೇಶವೂ ಇಲ್ಲದೆ, ಯಾವ ಸಂಸ್ಥೆಯ ನೆರವೂ ಇಲ್ಲದೆ ಶತಮಾನಗಳಿಂದ ನಡೆದುಬಂದ ಈ ವ್ಯವಸ್ಥೆ, ತಾಯಿ ಮತ್ತು ಮಗುವನ್ನು ಒಟ್ಟಿಗೇ ಒಂದು ಸಂಸಾರದೊಳಗೆ ಇರಿಸಿಕೊಂಡು ಕಾಪಾಡುವ ಏರ್ಪಾಡು ಎಂಬುದನ್ನು ನಾವು ಮರೆಯಬಾರದು.

ಆದರೆ ಈ ಏರ್ಪಾಡಿನ ಬೆನ್ನೆಲುಬೇ ಅವಧಿ. ತಿಂಗಳು ಇಷ್ಟೆಂದು ಮೊದಲೇ ಗೊತ್ತು. ತೊಟ್ಟಿಲು, ಬಟ್ಟೆಬರೆ ಸಮೇತ ಮಗಳನ್ನು ಗಂಡನ ಮನೆಗೆ ಕಳುಹಿಸುವ ದಿನ ಎಲ್ಲರ ಮನಸ್ಸಿನಲ್ಲೂ ಇರುತ್ತದೆ. ಅತ್ತಿಗೆ ನಾದಿನಿಯರ ನಡುವೆ ಮುನಿಸಿದ್ದರೂ ಆ ದಿನದವರೆಗೆ ಸಹಿಸಿಕೊಳ್ಳುತ್ತಾರೆ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆ ಮತ್ತು ಬಾಣಂತನದ ಅಕ್ಕರೆ ಒಂದೇ ಸೂರಿನಡಿ ಜಗಳವಿಲ್ಲದೆ ಬಾಳುವುದು ಈ ಅವಧಿಯ ಬಲದಿಂದಲೇ.

ಅವಧಿಯಿಲ್ಲದೆ ಬಂದವಳು

ಗಂಡನನ್ನು ಕಳೆದುಕೊಂಡೋ, ಗಂಡನಿಂದ ಕಳಚಿಕೊಂಡೋ ಬಂದ ಮಗಳಿಗೆ ಹೊರಡುವ ದಿನವೆಂಬುದಿಲ್ಲ. ಆಕೆಯನ್ನು ಹೊರಗೆ ಹಾಕಿದ ತವರುಗಳು ಕಡಿಮೆ ಎಂಬುದು ನಿಜ. ಆದರೆ ಆಕೆಯ ಸ್ಥಾನ ಬದಲಾಗುತ್ತಿತ್ತು. ನೆಂಟಳಾಗಿದ್ದವಳು ಆಳಾಗುತ್ತಿದ್ದಳು. ರೇಷ್ಮೆಯ ಮನೆಯಲ್ಲಿ ಕೈಗಳಿಗೆ ಎಂದೂ ಬಿಡುವಿಲ್ಲ. ಚಾಕಿ ಹುಳುವಿಗೆ ಎಳೆಯ ಸೊಪ್ಪು ಹೆಚ್ಚಿ ಹಾಕಬೇಕು. ಹುಳು ನಾಲ್ಕು ಜ್ವರ ದಾಟುವವರೆಗೆ ಹೊತ್ತುಹೊತ್ತಿಗೆ ತಟ್ಟೆಗಳನ್ನು ನೋಡಿಕೊಳ್ಳಬೇಕು. ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡಬೇಕು. ಸುಮಾರು ನಾಲ್ಕು ವಾರಗಳ ಈ ದುಡಿಮೆ ಬಹುಮಟ್ಟಿಗೆ ಮನೆಯ ಹೆಂಗಸರದೇ. ಮಗುವಿನೊಂದಿಗೆ ಬಂದು ತವರಿನಲ್ಲಿ ಉಳಿದವಳು ಹೀಗೆ ಆ ಮನೆಗೆ ಭಾರವಾಗಿರಲಿಲ್ಲ. ಆಕೆ ಉಂಡದ್ದಕ್ಕಿಂತ ಹೆಚ್ಚು ದುಡಿದಳು. ಆದರೂ ಗೂಡು ಮಾರಿ ಬಂದ ಹಣದಲ್ಲಿ ಆಕೆಗೆ ಪಾಲು ಇರಲಿಲ್ಲ. ಆಕೆಯ ಮಗು ಮಾವನ ಮನೆಯ ಅನ್ನ ತಿನ್ನುವ ಮಗುವೆಂದೇ ಬೆಳೆಯಿತು.

ಮಲೆನಾಡಿನ ಬ್ರಾಹ್ಮಣ ಮನೆತನಗಳಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಕಾದಂಬರಿಯನ್ನೂ ಪ್ರೇಮಾ ಕಾರಂತರು 1983ರಲ್ಲಿ ಅದನ್ನು ತೆರೆಗೆ ತಂದ ಚಿತ್ರವನ್ನೂ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಾಲ್ಯದಲ್ಲೇ ವಿಧವೆಯಾದ ಹೆಣ್ಣು ಬದುಕೆಲ್ಲ ತವರಿನ ದೊಡ್ಡ ಸಂಸಾರದಲ್ಲಿ ಎಲ್ಲರಿಗೂ ಬೇಕಾದವಳಾಗಿ ಬಾಳುತ್ತಾಳೆ. ತನ್ನದೆಂಬುದು ಮಾತ್ರ ಅವಳಿಗೆ ಏನೂ ಇರುವುದಿಲ್ಲ. ಲೇಖಕಿ ತಮ್ಮ ಕುಟುಂಬದಲ್ಲಿ ಬಾಳಿದ ಹಿರಿಯಳೊಬ್ಬಳ ಬದುಕನ್ನು ಆಧರಿಸಿ ಬರೆದದ್ದರಿಂದ ಅದಕ್ಕೆ ಚರಿತ್ರೆಯ ಸಾಕ್ಷ್ಯದ ಬೆಲೆಯೂ ಬಂದಿದೆ.

ತವರೂ ಕುಸಿದ ಕಾಲ

ತವರಿನ ಆಶ್ರಯಕ್ಕೆ ಇನ್ನೊಂದು ಮಿತಿಯಿತ್ತು. ಅದು ಬಯಲಾದದ್ದು 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ. ಧಾತು, ಈಶ್ವರ ಸಂವತ್ಸರಗಳಲ್ಲಿ ಬಂದ ಈ ಬರವನ್ನು ಹಳೆಯ ಮೈಸೂರಿನ ಜನ ತಲೆಮಾರುಗಳವರೆಗೆ ಮರೆಯಲಿಲ್ಲ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರಲ್ಲಿ ಅದು 42 ಲಕ್ಷಕ್ಕಿಂತಲೂ ಕಡಿಮೆಯಾಗಿತ್ತು. ಒಬ್ಬಳ ಗಂಡನ ಮನೆಯಲ್ಲಿ ಕಷ್ಟ ಬಂದಾಗ ತವರು ಕೈಹಿಡಿಯುತ್ತದೆ. ಆದರೆ ಮಳೆ ಹೋದದ್ದು ಎರಡೂ ಊರಿಗೆ. ಹಗೇವು ಬರಿದಾದದ್ದು ಎರಡೂ ಮನೆಯಲ್ಲಿ. ಹೆಣ್ಣುಮಗಳು ತವರಿಗೆ ನಡೆದು ಬಂದರೆ ಅಲ್ಲಿಯವರು ಆಗಲೇ ಗಂಜಿ ಕೇಂದ್ರ ಹುಡುಕಿಕೊಂಡು ಪಟ್ಟಣದ ದಾರಿ ಹಿಡಿದಿರುತ್ತಿದ್ದರು. ನೆಂಟಸ್ತಿಕೆಯ ಮೇಲೆ ನಿಂತ ಆಶ್ರಯ ಒಂಟಿ ಕುಟುಂಬದ ಕಷ್ಟಕ್ಕೆ ಮದ್ದಾಗಬಲ್ಲದು. ಇಡೀ ಸೀಮೆಗೆ ಬಂದ ವಿಪತ್ತಿನಲ್ಲಿ ನೆಂಟರೂ ನಿರಾಶ್ರಿತರೇ. ಸರ್ಕಾರ ಮತ್ತು ಸಾರ್ವಜನಿಕ ಸಂಸ್ಥೆಗಳು ಅಸಹಾಯಕ ತಾಯಿಮಕ್ಕಳ ಹೊಣೆ ಹೊರಬೇಕೆಂಬ ವಿಚಾರಕ್ಕೆ ಇಂತಹ ಬರಗಾಲಗಳು ದಾರಿ ತೋರಿದವು ಎನ್ನಬಹುದು.

ಕರಾವಳಿಯ ಬೇರೊಂದು ದಾರಿ

ಇಲ್ಲಿ ಘಟ್ಟದ ಕೆಳಗಿನ ಮಾತನ್ನು ಹೇಳದಿದ್ದರೆ ಚಿತ್ರ ಪೂರ್ಣವಾಗುವುದಿಲ್ಲ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಪ್ರದೇಶಗಳ ಬಂಟರು, ಬಿಲ್ಲವರು ಮೊದಲಾದ ಸಮುದಾಯಗಳಲ್ಲಿ ಅಳಿಯಸಂತಾನ ಕಟ್ಟು ರೂಢಿಯಲ್ಲಿತ್ತು. ಅಲ್ಲಿ ಮಗು ತಾಯಿಯ ಕುಟುಂಬಕ್ಕೆ ಸೇರಿದ್ದು. ಮದುವೆಯಾಗಿ ಗಂಡನ ಮನೆಯಲ್ಲಿದ್ದ ಹೆಂಗಸು ವಿಧವೆಯಾಗಿಯೋ ಸಂಬಂಧ ಬಿಟ್ಟೋ ಮಕ್ಕಳೊಂದಿಗೆ ತನ್ನ ಕುಟುಂಬದ ಮನೆಗೆ ಬಂದರೆ ಆಕೆ ನೆಂಟಳೂ ಅಲ್ಲ, ಆಳೂ ಅಲ್ಲ. ತನ್ನ ಮನೆಗೆ ತಾನು ಬಂದಂತೆ. ಆಸ್ತಿಯ ಆಡಳಿತ ಬಹುಮಟ್ಟಿಗೆ ಸೋದರಮಾವನಾದ ಯಜಮಾನನ ಕೈಯಲ್ಲಿದ್ದುದರಿಂದ ಅಲ್ಲಿಯೂ ಹೆಣ್ಣಿನ ಮಾತೇ ನಡೆಯುತ್ತಿತ್ತೆಂದು ಹೇಳಲಾಗದು. ಆದರೆ ‘ಎಷ್ಟು ದಿನ ಇರುತ್ತೀ’ ಎಂದು ಕೇಳುವ ಅಧಿಕಾರ ಯಾರಿಗೂ ಇರಲಿಲ್ಲ. 1949ರ ಮದರಾಸು ಅಳಿಯಸಂತಾನ ಕಾಯಿದೆ ಪಾಲು ಕೇಳುವ ಹಕ್ಕನ್ನು ಕೊಟ್ಟಿತು. ಮುಂದೆ ಭೂಸುಧಾರಣೆಯೂ ಬಂದು ದೊಡ್ಡ ಕುಟುಂಬಗಳು ಒಡೆದವು. ಆದರೂ ನೆಲೆ ಎಂಬುದು ಅಣ್ಣತಮ್ಮಂದಿರ ಕರುಣೆಯನ್ನು ಅವಲಂಬಿಸಬೇಕಾಗಿಲ್ಲ ಎಂಬುದಕ್ಕೆ ಕನ್ನಡ ನಾಡಿನೊಳಗೇ ಒಂದು ನಿದರ್ಶನವಿತ್ತೆಂಬುದು ಗಮನಾರ್ಹ.

ಸದನಗಳ ಯುಗ

ಕರಾವಳಿಯ ಬೆನ್ನಿಗೇ ಇರುವ ಘಟ್ಟದ ಸೀಮೆಯಿಂದ ಇನ್ನೊಂದು ಕಥೆ ಆರಂಭವಾಗುತ್ತದೆ. ಕಾರ್ಕಳದ ಬಳಿಯ ಮಾಳದ ಅನಂತಶಾಸ್ತ್ರಿ ಡೋಂಗ್ರೆ ತಮ್ಮ ಹೆಂಡತಿಗೆ ಸಂಸ್ಕೃತ ಕಲಿಸಿದರೆಂಬ ಕಾರಣಕ್ಕೆ ಊರವರ ವಿರೋಧ ಕಟ್ಟಿಕೊಂಡು ಗಂಗಾಮೂಲದ ಕಾಡಿನಲ್ಲಿ ನೆಲೆಸಿದರು. ಅಲ್ಲಿ 1858ರಲ್ಲಿ ಹುಟ್ಟಿದವರು ಪಂಡಿತಾ ರಮಾಬಾಯಿ. ಕ್ಷಾಮದ ದಿನಗಳಲ್ಲಿ ತಂದೆ ತಾಯಿ ತೀರಿಕೊಂಡರು. ಬಂಗಾಳದ ವಕೀಲರೊಬ್ಬರನ್ನು ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ, 1882ರಲ್ಲಿ, ಗಂಡನೂ ಹೋದರು. ಕೈಯಲ್ಲಿ ವರ್ಷ ತುಂಬದ ಮಗಳು ಮನೋರಮೆ. ಹೋಗಲು ತವರಿಲ್ಲ. ಪುಣೆಯ ಸುಧಾರಕರ ವಲಯ ಆಕೆಯನ್ನು ಬರಮಾಡಿಕೊಂಡಿತು. ಮರುವರ್ಷ ಮಗಳೊಂದಿಗೆ ಇಂಗ್ಲೆಂಡಿಗೆ ಹೋದಾಗ ವಾಂಟೇಜ್ ಎಂಬ ಊರಿನ ಕ್ರೈಸ್ತ ಸನ್ಯಾಸಿನಿಯರ ಆಶ್ರಮ ಆಶ್ರಯ ಕೊಟ್ಟಿತು. ಪರರ ಸೂರಿನಡಿ ಮಗುವನ್ನು ಸಾಕುವುದೆಂದರೇನೆಂದು ಸ್ವತಃ ಬಲ್ಲ ಈ ತಾಯಿ 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದರು. 1896–97ರ ಕ್ಷಾಮದಲ್ಲಿ ಮಧ್ಯಪ್ರಾಂತಗಳಿಂದ ನೂರಾರು ಹೆಂಗಸರು, ಹುಡುಗಿಯರನ್ನು ಕರೆತಂದು ಪುಣೆಯ ಬಳಿಯ ಕೇಡಗಾಂವ್‌ನಲ್ಲಿ ಇರಿಸಿದರು; ಅದೇ ಮುಕ್ತಿ ಸದನವಾಯಿತು. 1912ರಲ್ಲಿ, ಆಗ ನಿಜಾಮರ ಆಳ್ವಿಕೆಯಲ್ಲಿದ್ದ ಗುಲ್ಬರ್ಗದಲ್ಲಿ ಶಾಲೆಯೊಂದನ್ನು ಆರಂಭಿಸಿದಾಗ ಅದರ ಹೊಣೆ ಹೊತ್ತವಳು ಅದೇ ಮನೋರಮೆ.

ಬೆಂಗಳೂರಿನಲ್ಲಿಯೂ 1905ರಲ್ಲಿ ಬಸವನಗುಡಿಯ ಅಬಲಾಶ್ರಮ ಆರಂಭವಾಯಿತು. 1913ರಲ್ಲಿ, ತಾವೇ ಬಾಲವಿಧವೆಯಾಗಿದ್ದ ಆರ್. ಕಲ್ಯಾಣಮ್ಮನವರು ಶಾರದಾ ಸ್ತ್ರೀ ಸಮಾಜವನ್ನು ಕಟ್ಟಿದರು. ನೆಲೆಯ ಜೊತೆಗೆ ಅಕ್ಷರ ಮತ್ತು ಕೈಕಸುಬು ಸೇರಿದರೆ ಮಾತ್ರ ಹೆಣ್ಣು ತನ್ನ ಕಾಲ ಮೇಲೆ ನಿಲ್ಲಬಲ್ಲಳೆಂಬುದು ಈ ಪೀಳಿಗೆ ಕಂಡುಕೊಂಡ ಸತ್ಯ. ತವರು ಅನ್ನ ಕೊಟ್ಟಿತ್ತು. ಸದನಗಳು ಅನ್ನದ ಜೊತೆಗೆ ಅದನ್ನು ದುಡಿದುಕೊಳ್ಳುವ ದಾರಿಯನ್ನೂ ಕೊಟ್ಟವು.

ಆದರೆ ದೊಡ್ಡ ಸಂಸ್ಥೆಗಳಿಗೆ ತಮ್ಮದೇ ಆದ ಅಪಾಯವಿದೆ. ಅದಕ್ಕೆ ಐರ್ಲೆಂಡಿನ ಉದಾಹರಣೆ ಸಾಕು. ಮದುವೆಯಾಗದ ತಾಯಂದಿರನ್ನು ಅಲ್ಲಿ ‘ತಾಯಿಮಗುವಿನ ಮನೆ’ ಎಂಬ ಸಂಸ್ಥೆಗಳಲ್ಲಿ ಇಡುತ್ತಿದ್ದರು. 2021ರ ಜನವರಿಯಲ್ಲಿ ಪ್ರಕಟವಾದ ತನಿಖಾ ಆಯೋಗದ ವರದಿಯ ಪ್ರಕಾರ 1922ರಿಂದ 1998ರವರೆಗೆ ಇಂತಹ 18 ಸಂಸ್ಥೆಗಳಲ್ಲಿ ಸುಮಾರು 56,000 ತಾಯಂದಿರು, 57,000 ಮಕ್ಕಳು ಇದ್ದರು. ಆ ಮಕ್ಕಳಲ್ಲಿ ಸುಮಾರು 9,000 ಮಂದಿ ಸತ್ತರು. ಅನೇಕ ಮಕ್ಕಳನ್ನು ತಾಯಿಯಿಂದ ಬೇರ್ಪಡಿಸಿ ದತ್ತು ಕೊಡಲಾಯಿತು. ಹೆಸರಿನಲ್ಲಿ ಮನೆಯಿದ್ದ ಮಾತ್ರಕ್ಕೆ ಅದು ಮನೆಯಾಗುವುದಿಲ್ಲ.

ಕಾನೂನು ಕಂಡ ತವರು

ಇನ್ನು ಶಾಸನಗಳ ಕಡೆಗೆ ಬರೋಣ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ತಂದಿತು. ಅವಿಭಕ್ತ ಕುಟುಂಬ ಪಾಲಾಗುವಾಗ ತಾಯಿ, ವಿಧವೆ, ಮದುವೆಯಾಗದ ಹೆಣ್ಣುಮಕ್ಕಳಿಗೂ ಪಾಲು ಸಿಗುವಂತೆ ಅದು ಮಾಡಿತು. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯರ ಆಸ್ತಿ ಹಕ್ಕಿನ ಕಾಯಿದೆ ಬಂದದ್ದು 1937ರಲ್ಲಿ ಎಂಬುದನ್ನು ನೆನೆದರೆ ಮೈಸೂರಿನ ಹಿರಿಮೆ ತಿಳಿಯುತ್ತದೆ. ಆದರೆ ಮದುವೆಯಾಗಿ ಹೋದ ಮಗಳು ಪಾಲುದಾರರ ಪಟ್ಟಿಯ ಹೊರಗೇ ಉಳಿದಳು.

1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 23ನೆಯ ಕಲಮು ನಮ್ಮ ವಿಷಯಕ್ಕೆ ಬಹಳ ಹತ್ತಿರದ್ದು. ಕುಟುಂಬದವರು ವಾಸವಾಗಿರುವ ಮನೆಯನ್ನು ಪಾಲು ಮಾಡಿಕೊಡಿರೆಂದು ಹೆಣ್ಣು ವಾರಸುದಾರಳು ಕೇಳುವಂತಿಲ್ಲ; ಗಂಡಸರು ಪಾಲು ಮಾಡಿಕೊಳ್ಳಲು ಮನಸ್ಸು ಮಾಡುವವರೆಗೆ ಕಾಯಬೇಕು. ಅಲ್ಲಿಯವರೆಗೆ ಆ ಮನೆಯಲ್ಲಿ ವಾಸಿಸುವ ಹಕ್ಕಾದರೂ ಮಗಳಿಗೆ ಉಂಟೇ? ಉಂಟು, ಆದರೆ ಆಕೆ ಮದುವೆಯಾಗದವಳೋ, ಗಂಡ ಬಿಟ್ಟವಳೋ, ಗಂಡನಿಂದ ಬೇರೆಯಾದವಳೋ, ವಿಧವೆಯೋ ಆಗಿರಬೇಕು. ‘ಮಗಳು ನೆಂಟಳು, ನೆಲೆ ತಪ್ಪಿದರೆ ಮಾತ್ರ ಒಳಗೆ ಬರಲಿ’ ಎಂಬ ಹಳ್ಳಿಯ ಕಟ್ಟಳೆಯನ್ನೇ ಪಾರ್ಲಿಮೆಂಟು ಕಾನೂನಿನ ಭಾಷೆಯಲ್ಲಿ ಬರೆದಂತಾಯಿತು. ಸೂರು ಸಿಕ್ಕಿತು, ಗೋಡೆ ಸಿಗಲಿಲ್ಲ.

ಕರ್ನಾಟಕ 1994ರ ಜುಲೈ 30ರಿಂದ ಜಾರಿಗೆ ಬಂದ ತಿದ್ದುಪಡಿಯ ಮೂಲಕ ಹೆಣ್ಣುಮಕ್ಕಳನ್ನೂ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲುದಾರರನ್ನಾಗಿ ಮಾಡಿತು. ಅದಕ್ಕೆ ಮೊದಲೇ ಮದುವೆಯಾದವರನ್ನು ಮಾತ್ರ ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು. 23ನೆಯ ಕಲಮನ್ನೂ ಕಿತ್ತುಹಾಕಿತು. ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. 2006ರಲ್ಲಿ ಜಾರಿಗೆ ಬಂದ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯಿದೆ ಎಲ್ಲ ಮತದ ಹೆಂಗಸರಿಗೂ ಅನ್ವಯಿಸುವಂಥದು. ತಾನು ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕನ್ನು, ಅದು ತನ್ನ ಹೆಸರಿನಲ್ಲಿ ಇರಲಿ ಇಲ್ಲದಿರಲಿ, ಅದು ಹೆಂಗಸಿಗೆ ಕೊಟ್ಟಿತು. ಬೇರೆ ಮನೆ ಮಾಡಿಕೊಡುವಂತೆ ಅಥವಾ ಬಾಡಿಗೆ ಕೊಡುವಂತೆ ಆದೇಶಿಸುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ ಕೊಟ್ಟಿತು.

ಖುಲಾಸೆ ಪತ್ರದ ಬೆಲೆ

ಕಾಗದದ ಮೇಲೆ ಹೀಗೆ ಬಾಗಿಲು ತೆರೆದಿದೆ. ಊರಿನಲ್ಲಿ ನಡೆಯುವುದು ಬೇರೆ. ಕನಕಪುರ ರಸ್ತೆಯ ಉದ್ದಕ್ಕೂ ಬೆಂಗಳೂರು ಬೆಳೆದು, ಹಾರೋಹಳ್ಳಿಯಲ್ಲಿ ಕೈಗಾರಿಕಾ ಪ್ರದೇಶ ಬಂದ ಮೇಲೆ ಈ ಸೀಮೆಯ ಜಮೀನಿನ ಬೆಲೆ ಏರಿತು. ಜಮೀನು ಮಾರಬೇಕಾದರೆ ಅಕ್ಕತಂಗಿಯರ ರುಜು ಬೇಕು. ಆಗ ‘ಹಕ್ಕು ಖುಲಾಸೆ ಪತ್ರ’ ಸಿದ್ಧವಾಗುತ್ತದೆ. ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಹಣ, ಒಂದು ಸೀರೆ. ಹೆಣ್ಣುಮಗಳು ರುಜು ಹಾಕುತ್ತಾಳೆ. ಕಾನೂನು ತಿಳಿದವಳೂ ಹಾಕುತ್ತಾಳೆ. ಏಕೆಂದರೆ ಪಾಲು ಕೇಳಿದರೆ ಗೌರಿ ಹಬ್ಬಕ್ಕೆ ಕರೆಯುವವರಿಲ್ಲ, ಮಗಳ ಬಾಣಂತನಕ್ಕೆ ಬರುವವರಿಲ್ಲ, ನಾಳೆ ಗಂಡ ಕೈಬಿಟ್ಟರೆ ಹೋಗಲು ಇನ್ನೊಂದು ಬಾಗಿಲಿಲ್ಲ. ಆಕೆ ಮಾರುತ್ತಿರುವುದು ಹಕ್ಕನ್ನು; ಕೊಳ್ಳುತ್ತಿರುವುದು ಒಂದು ಭರವಸೆಯನ್ನು. ಅಣ್ಣನ ಕಾಲದಲ್ಲಿ ಆ ಭರವಸೆ ನಡೆದೀತು. ಅಣ್ಣನ ಮಕ್ಕಳ ಕಾಲದಲ್ಲಿ, ಜಮೀನು ಮಾರಿ ಬೆಂಗಳೂರಿನಲ್ಲಿ ಎರಡು ಕೋಣೆಯ ಮನೆಗೆ ಹೋದ ಮೇಲೆ, ಬಾಗಿಲು ಎಲ್ಲಿರುತ್ತದೆ?

ಪಾಲು ಕೇಳಲು ಆಸ್ತಿಯೇ ಇಲ್ಲದವರ ಪಾಡು ಇನ್ನೂ ಕಷ್ಟದ್ದು. ರಾಮನಗರದ ರೇಷ್ಮೆ ನೂಲು ತೆಗೆಯುವ ಘಟಕಗಳಲ್ಲಿ, ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವ ಹೆಂಗಸರಲ್ಲಿ ಅನೇಕರು ಬಾಡಿಗೆ ಮನೆಯವರು. ಅಡ್ವಾನ್ಸ್ ಕೊಟ್ಟವನು ಗಂಡ, ಕರಾರು ಇದ್ದರೆ ಅದೂ ಗಂಡನ ಹೆಸರಿನಲ್ಲಿ. ಅವನು ಹೊರಟುಹೋದರೆ ಮನೆಯೂ ಹೋಯಿತು.

ಸರ್ಕಾರದ ಸೂರು

ಇಂಥವರಿಗಾಗಿ 1969ರಲ್ಲಿ ಕೇಂದ್ರ ಸರ್ಕಾರ ಅಲ್ಪಾವಧಿ ವಸತಿಗೃಹಗಳ ಯೋಜನೆಯನ್ನು ತಂದಿತು. 2001ರಲ್ಲಿ ಸ್ವಾಧಾರ ಯೋಜನೆ ಬಂತು. ಮುಂದೆ ಎರಡೂ ಸೇರಿ ಸ್ವಾಧಾರ ಗೃಹಗಳಾದವು. ಈಗ ಅವು ಶಕ್ತಿ ಸದನವೆಂಬ ಹೆಸರಿನಲ್ಲಿ ನಡೆಯುತ್ತಿವೆ. ಅನ್ನ, ವೈದ್ಯ, ವಕೀಲರ ನೆರವು, ಕಸುಬಿನ ತರಬೇತಿ ಇವೆಲ್ಲ ಅಲ್ಲಿ ದೊರೆಯುವಂತಹವು. ಅವುಗಳಿಂದ ಜೀವ ಉಳಿಸಿಕೊಂಡ ಹೆಂಗಸರಿದ್ದಾರೆ. ಆದರೆ ಸ್ವಾಧಾರ ಗೃಹದ ನಿಯಮಗಳಲ್ಲಿ ಒಂದನ್ನು ಓದುಗರು ಗಮನಿಸಬೇಕು. ತಾಯಿಯೊಂದಿಗೆ ಹೆಣ್ಣುಮಕ್ಕಳು 18 ವರ್ಷದವರೆಗೆ ಇರಬಹುದಾಗಿತ್ತು. ಗಂಡುಮಕ್ಕಳು 8 ವರ್ಷದವರೆಗೆ ಮಾತ್ರ. ಒಂಬತ್ತು ವರ್ಷದ ಹುಡುಗನನ್ನು ಬೇರೆ ಮಕ್ಕಳ ಮಂದಿರಕ್ಕೆ ಕಳುಹಿಸಬೇಕಾಗಿತ್ತು. ಹಲವು ಹೆಂಗಸರು ಒಟ್ಟಿಗೆ ಮಲಗುವ ಕಡೆ ಬೆಳೆಯುವ ಹುಡುಗರನ್ನು ಇಡಲಾಗದೆಂಬುದು ಆಡಳಿತದ ಕಷ್ಟವಿರಬಹುದು. ಹೊಡೆಯುವ ಮನೆಯಿಂದ ಮಗನ ಕೈ ಹಿಡಿದು ಹೊರಬಂದ ತಾಯಿ ಮಾತ್ರ ಆ ನಿಯಮ ಕೇಳಿ ಹಿಂದಿರುಗಿದರೆ ಅವಳನ್ನು ದೂರಲಾದೀತೇ? ಎಂತಹ ಬಡ ತವರೂ ಒಂಬತ್ತು ವರ್ಷದ ಮೊಮ್ಮಗನನ್ನು ಹೊಸಲಿನಾಚೆ ನಿಲ್ಲಿಸಿದ್ದಿಲ್ಲ.

ಇಂಗ್ಲೆಂಡಿನಲ್ಲಿ ಎಳೆಯ ಮಗುವನ್ನೂ ತಾಯಿಯನ್ನೂ ಒಟ್ಟಿಗೇ ತರಬೇತಾದ ಒಂದು ಕುಟುಂಬದ ಮನೆಯಲ್ಲಿ ಕೆಲವು ಕಾಲ ಇರಿಸುವ ಏರ್ಪಾಡಿದೆ. ಆ ಕುಟುಂಬಕ್ಕೆ ಭತ್ಯೆ ಉಂಟು, ಮೇಲ್ವಿಚಾರಣೆ ಉಂಟು. ನಮ್ಮ ಬಾಣಂತನದ ತವರಿಗೆ ಕಾನೂನಿನ ಚೌಕಟ್ಟು ಹಾಕಿದಂತೆ ಅದು ಕಾಣುತ್ತದೆ. ನಮ್ಮಲ್ಲಿ 2015ರ ಬಾಲನ್ಯಾಯ ಕಾಯಿದೆ ಮಗುವನ್ನು ಪೋಷಕ ಕುಟುಂಬದಲ್ಲಿ ಇರಿಸಲು ಅವಕಾಶ ಕೊಟ್ಟಿದೆ. ಆದರೆ ಆ ಅವಕಾಶ ಇರುವುದು ಮಗುವಿಗೆ, ತಾಯಿಗಲ್ಲ. ತಾಯಿಯನ್ನೂ ಮಗುವನ್ನೂ ಒಂದೇ ಜೀವವೆಂದು ಕಂಡ ತವರಿನ ತಿಳಿವಳಿಕೆ ನಮ್ಮ ಯೋಜನೆಗಳಿಗೆ ಇನ್ನೂ ಬರಬೇಕಾಗಿದೆ.

ಚರಿತ್ರೆ ಹೇಳುವುದೇನು?

ಇಷ್ಟನ್ನೂ ಒಟ್ಟಿಗೆ ನೋಡಿದಾಗ ಮೂರು ಮಾತುಗಳು ಉಳಿಯುತ್ತವೆ. ತಾಯಿ ಮಕ್ಕಳು ಒಟ್ಟಿಗೆ, ಒಂದು ಸಂಸಾರದ ಬಿಸುಪಿನಲ್ಲಿ ಇರಬೇಕೆಂಬುದು ತವರು ಕಲಿಸಿದ ಪಾಠ. ಇರುವಷ್ಟು ಕಾಲ ಆಕೆ ಯಾರ ಆಳೂ ಆಗದೆ, ಮುಂದಿನ ದಾರಿಗೆ ಕೈಕಸುಬು ಪಡೆಯಬೇಕೆಂಬುದು ಸದನಗಳ ಪಾಠ. ಕೊನೆಗೆ, ಯಾರ ಕರುಣೆಯೂ ಬೇಕಿಲ್ಲದ ಒಂದು ನೆಲೆ ಆಕೆಯ ಹೆಸರಿನಲ್ಲೇ ಇರಬೇಕೆಂಬುದು ಕರಾವಳಿಯ ಕಟ್ಟಿನಿಂದಲೂ ಕಾನೂನಿನ ಚರಿತ್ರೆಯಿಂದಲೂ ಬರುವ ಪಾಠ. ಆಶ್ರಯ ಕೊಡುವ ಮನೆ ಎಷ್ಟೇ ಒಳ್ಳೆಯದಾದರೂ ಅದು ದಾರಿಯ ನಡುವಿನ ತಂಗುದಾಣ. ಬಡವರಿಗೆ ಕೊಡುವ ನಿವೇಶನ, ಮನೆಗಳನ್ನು ಮನೆಯೊಡತಿಯ ಹೆಸರಿಗೆ ಕೊಡುವ ನಿಯಮಕ್ಕೆ ಆದ್ದರಿಂದಲೇ ಮಹತ್ವವಿದೆ.

ಈ ಮೂರರಲ್ಲಿ ಎರಡನ್ನು ಸರ್ಕಾರ, ಸಂಘಸಂಸ್ಥೆಗಳು ನೋಡಿಕೊಳ್ಳಲಿ. ಒಂದು ಮಾತ್ರ ನಮ್ಮ ನಮ್ಮ ಮನೆಗಳ ಕೈಯಲ್ಲೇ ಇದೆ. ಮುಂದಿನ ಬಾರಿ ಉಪನೋಂದಣಿ ಕಚೇರಿಯ ಜಗಲಿಯ ಮೇಲೆ ತಂಗಿಯ ಮುಂದೆ ಖುಲಾಸೆ ಪತ್ರ ಇಡುವ ಅಣ್ಣ, ಆಕೆಯ ಕೈಗೆ ಪೆನ್ನು ಕೊಡುವ ಮುನ್ನ, ಊರಿನ ಹಳೆಯ ಮನೆಯಲ್ಲಿ ಆಕೆಗೊಂದು ಕೋಣೆಯನ್ನಾದರೂ ಆಕೆಯ ಹೆಸರಿಗೆ ಬರೆಸಿಡಲಿ. ಆ ಕೋಣೆಗೆ ಬೀಗ ಬಿದ್ದೇ ಇರಬಹುದು. ಬೀಗದ ಕೈ ಯಾರ ಬಳಿ ಇದೆ ಎಂಬುದೇ ಮುಖ್ಯ.